ಲುದೊವೀನಳ ಚುಕ್ಕಿ ಬಿಸ್ಕತ್ತು

ಅತ್ತೆ ಕಿತೇರಿಯಾ ಬದುಕಿರುವವರೆಗೆ ಲುದೊವೀನ ಒವನ್ ಮುಟ್ಟಿದವಳಲ್ಲ. ಮುಟ್ಟಲು ಅತ್ತೆ ಬಿಟ್ಟಿದ್ದರೆ ತಾನೆ! "ನಿನ್ನ ಕೈ ಬಟ್ಟೆಗೆ ಸರಿ ಸುನೆ, ಹಿಟ್ಟಿಗಲ್ಲ," ಎಂದು ಮದುವೆಯಾಗಿ ಬಂದ ವಾರದಲ್ಲೇ ಮುದುಕಿ ಸೊಸೆಗೆ ತೀರ್ಪು ಕೊಟ್ಟಿದ್ದಳು. ಲುದೊವೀನ ಹೊಲಿಗೆಯವಳು. ಅವರಿದ್ದ ಕೇರಿಯ, ಆ ವಾಡೊದ, ಅರ್ಧ ಹೆಂಗಸರು ಇಗರ್ಜಿಗೆ ಹೋಗುವುದು ಅವಳು ಹೊಲಿದ ಉಡುಪಿನಲ್ಲೇ. ಆದ್ದರಿಂದ ಆ ಮಾತಿಗೆ ಅವಳು ಎದುರಾಡಲಿಲ್ಲ. ಒಳಗೊಳಗೆ ಚುಚ್ಚಿಸಿಕೊಂಡಳು, ಅಷ್ಟೇ. ಎಷ್ಟೋ ವರ್ಷ ಚುಚ್ಚುತ್ತಲೇ ಇತ್ತು.

ಹೋದ ನತಾಲಕ್ಕೆ, ಕ್ರಿಸ್‌ಮಸ್ ಹಬ್ಬಕ್ಕೆ, ಮನೆಯಲ್ಲಿ ಅತ್ತೆಯ ಸೂತಕ. ಸಾವಾದ ಮನೆಯವರು ಆ ವರ್ಷ ಕುಸ್ವಾದ್ ಎನ್ನುವ ಹಬ್ಬದ ಸಿಹಿ ಮಾಡುವುದಿಲ್ಲ. ನೆರೆಹೊರೆಯವರೇ ಕುಸ್ವಾದಿನ ತಟ್ಟೆ ತಂದಿಟ್ಟು ಹೋಗುತ್ತಾರೆ, ತಿರುಗಿ ಏನನ್ನೂ ಬಯಸುವುದಿಲ್ಲ. ಲುದೊವೀನ ಕೂತಲ್ಲೇ ಕರಿಗಡುಬಿನಂಥ ನೇವ್ರಿ ತಿಂದು ಸುಖವಾಗಿದ್ದಳು. ಈ ವರ್ಷ ಆ ನೆಪವಿಲ್ಲ. ಮನೆಮನೆಯಿಂದ ತಟ್ಟೆ ಬರುತ್ತದೆ, ಇವರ ಮನೆಯಿಂದಲೂ ಹೋಗಬೇಕು. ಹೋದ ತಟ್ಟೆಯ ಮೇಲಿನ ಕಸೂತಿ ಬಟ್ಟೆ ಎತ್ತಿ ಪ್ರತಿಯೊಬ್ಬರೂ ಮೊದಲು ನೋಡುವುದು ಬೊಲೀನ್ಯವನ್ನೇ. ತೆಂಗಿನಕಾಯಿ, ರವೆ ಕಲಸಿ ಬೇಯಿಸುವ ಆ ಪುಟ್ಟ ಬಿಸ್ಕತ್ತಿನಲ್ಲೇ ಮನೆಯ ಮರ್ಯಾದೆ.

"ಮಡಗಾಂವ್ ಬೇಕರಿಯಿಂದ ತರ್ತೀನಿ ಬಿಡೇ," ಎಂದ ಗಂಡ ಇನಾಸ್. "ಯಾರಿಗೆ ಗೊತ್ತಾಗತ್ತೆ?"

"ನೆರೆಮನೆ ಪಿಯೆದಾದ್‌ಗೆ ಗೊತ್ತಾಗತ್ತೆ. ಅವಳಿಗೆ ಗೊತ್ತಾದ್ರೆ ಪಾದ್ರಿಗೂ ಗೊತ್ತಾಗತ್ತೆ."

"ಹಾಗಾದ್ರೆ ಮಾಡು."

"ಮಾಡ್ತೀನಿ. ಈ ಸಲ ಯಾರೂ ತಿನ್ನಲಿಲ್ಲ ಅಂದ್ರೆ ಆ ಒವನ್ನನ್ನ ಗುಜರಿಯವನಿಗೆ ಕೊಡ್ತೀನಿ. ಆಮೇಲೆ ನನ್ನ ಕೇಳಬಾರದು."

ಮೊದಲ ಸಲದ್ದು ಕರಗಿ ದೋಸೆಯಾಯಿತು. ಪಾಕದಲ್ಲಿ ಕಲಸಿದ ರವೆಯನ್ನು ಒಂದು ರಾತ್ರಿ ಬಿಡಬೇಕೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ, ಇವಳಿಗೊಬ್ಬಳಿಗೆ ಗೊತ್ತಿರಲಿಲ್ಲ. ಎರಡನೆಯ ಸಲ ನೆನೆಯಲು ಬಿಟ್ಟಳು. ಬೆಳಿಗ್ಗೆ ಮೊಟ್ಟೆಯ ಹಳದಿ, ತುಪ್ಪ, ಏಲಕ್ಕಿ ಸೇರಿಸಿ ಉಂಡೆ ಮಾಡಿದಳು. ಮೇಲೆ ಚೌಕಳಿ ಗೆರೆ ಎಳೆಯಬೇಕಿತ್ತು. ಚಾಕು ಹಿಡಿದರೆ ಗೆರೆ ಸೊಟ್ಟಗೆ ಹೋಗುತ್ತಿತ್ತು. ಸಿಟ್ಟು ಬಂದು, ಬಟ್ಟೆಗೆ ಗುರುತು ಹಾಕುವ ಹಲ್ಲಿನ ಗಾಲಿಯನ್ನೇ ತೊಳೆದು ತಂದು ಉರುಳಿಸಿಬಿಟ್ಟಳು. ಚುಕ್ಕಿಚುಕ್ಕಿಯಾದ ಗೆರೆ ನೇರವಾಗಿ ಬಿತ್ತು. ಕೈಗೆ ಒಗ್ಗಿದ ಕೆಲಸವಲ್ಲವೇ!

ತಟ್ಟೆಗಳು ಹೋದವು. ಸಿಕ್ಕವರೆಲ್ಲ "ಬಂತು ಬಾಯ್, ದೇವರು ಒಳ್ಳೇದು ಮಾಡ್ಲಿ," ಎಂದರು. ಅದನ್ನು ಎಲ್ಲರೂ ಎಲ್ಲರಿಗೂ ಹೇಳುತ್ತಾರೆ. ಅದರಿಂದ ಏನು ತಿಳಿಯುತ್ತದೆ?

ನತಾಲದ ಮಾರನೆಯ ದಿನ ಪಿಯೆದಾದಳ ತಟ್ಟೆ ಬಂತು. ಬಟ್ಟೆ ಎತ್ತಿದ ಲುದೊವೀನ ನಿಂತಲ್ಲೇ ನಿಂತಳು. ನೇವ್ರಿಯ ಪಕ್ಕದಲ್ಲಿ ಚುಕ್ಕಿ ಗೆರೆಯ ಬೊಲೀನ್ಯಗಳು ಕೂತಿದ್ದವು. ತನ್ನವೇ! ಊರಲ್ಲಿ ಹಲ್ಲಿನ ಗಾಲಿ ಇರುವುದು ಅವಳೊಬ್ಬಳ ಮನೆಯಲ್ಲಿ.

ಮೊದಲು ಮುಖ ಕೆಂಪಾಯಿತು. ಆಮೇಲೆ, ಕೋಪಕ್ಕಿಂತ ಮುಂದಾಗಿ, ತಿಳಿದುಕೊಳ್ಳಲೇಬೇಕೆಂಬ ಹಟ ಹತ್ತಿತು. ಚಪ್ಪಲಿ ಮೆಟ್ಟಿದಳು.

"ಅಗೆ ಪಿಯೆದಾದ್, ನಾನು ಕೊಟ್ಟಿದ್ದನ್ನ ನನಗೇ ಕಳಿಸಿದ್ದೀಯಲ್ಲ, ಅಷ್ಟು ಕೆಟ್ಟದಾಗಿತ್ತಾ?"

"ಸಾಯಿಬಿಣಿ ತಾಯೇ! ನಿನ್ನವನ್ನ ನಾನಿನ್ನೂ ಡಬ್ಬಿಯಿಂದ ತೆಗೆದೇ ಇಲ್ಲ ನೋಡು," ಎಂದು ಪಿಯೆದಾದ್ ಡಬ್ಬಿಯನ್ನೇ ತಂದು ತೆರೆದು ತೋರಿಸಿದಳು. "ನನ್ನವು ಸೀದು ಹೋದವು ಮಾರಾಯ್ತಿ. ರುಜಾರ್ ಕೊಟ್ಟ ತಟ್ಟೆಯಿಂದ ತೆಗೆದು ನಿನಗಿಟ್ಟೆ. ಗೆರೆ ಯಾರು ನೋಡ್ತಾರೆ? ಯಾರಿಗೂ ಹೇಳ್ಬೇಡ ಆಯ್ತಾ."

ರುಜಾರ್ ಒಂಟಿ ಮನುಷ್ಯ, ನಲ್ಲಿ ರಿಪೇರಿಯವನು. ಲುದೊವೀನ ಕೇಳಿದಾಗ ಅವನಿಗೆ ನಾಚಿಕೆಯೇನೂ ಆಗಲಿಲ್ಲ.

"ನನಗೆ ಸಕ್ಕರೆ ಕಾಯಿಲೆ ಬಾಯ್. ಮುಂದಿನ ಬಾಗಿಲಿಂದ ಬಂದಿದ್ದು ಹಿಂದಿನ ಬಾಗಿಲಿಂದ ಹೋಗತ್ತೆ."

"ಅಂದ್ರೆ ನನ್ನದೂ ಹಾಗೇ ಹೋಯ್ತು."

"ಇಲ್ಲಪ್ಪ. ನಿನ್ನ ತಟ್ಟೆ ಅಲ್ಲೇ ಇದೆ, ಅದರ ಸರದಿ ಇನ್ನೂ ಬಂದಿಲ್ಲ," ಎಂದು ಕಪಾಟಿನ ಮೇಲೆ ಬೆರಳು ಮಾಡಿದ. ಬಟ್ಟೆಯನ್ನು ಕೂಡ ಸರಿಸಿರಲಿಲ್ಲ. "ಪಿಯೆದಾದ್‌ಗೆ ಕೊಟ್ಟಿದ್ದು ಎಸ್ಪೆಸಿಯೋಜ ಮಾವಶಿ ಮನೆಯಿಂದ ಬಂದಿದ್ದು."

"ಅವರದ್ದು ಸೂತಕದ ಮನೆಯಲ್ವಾ! ಅಲ್ಲಿಂದ ಹೇಗೆ ಬರತ್ತೆ?"

"ನಾನೂ ಹಾಗೇ ಅಂದ್ಕೊಂಡೆ. ಬಂತು, ತಗೊಂಡೆ."

ದಾರಿಯಲ್ಲಿ ಲುದೊವೀನಳಿಗೆ ಅಳು ಬರುವಂತಾಯಿತು. ಡಬ್ಬಿಯಲ್ಲೊಂದಿಷ್ಟು, ಕಪಾಟಿನ ಮೇಲೊಂದಿಷ್ಟು, ಮಿಕ್ಕವು ವಾಡೊ ಸುತ್ತುತ್ತಿವೆ. ಒಬ್ಬರಾದರೂ ಬಾಯಿಗಿಟ್ಟಿರಬೇಡವೇ? ಮುದುಕಿ ಹೇಳಿದ್ದೇ ಸರಿಯಾಯಿತೇನೋ. ವಾಪಸು ಹೋಗಿ ಗುಜರಿಯವನಿಗೆ ಹೇಳಿಕಳಿಸಿದರೆ ಮುಗಿಯಿತು. ಆದರೂ ಕಾಲುಗಳು ಮಾವಶಿಯ ಮನೆಯ ಕಡೆಗೇ ಹೋದವು. ಸೂತಕದವರು ಸಿಹಿ ಹಂಚಿದ್ದೇಕೆ ಎಂದು ತಿಳಿಯದೆ ಅವಳಿಗೆ ಊಟ ಸೇರುವಂತಿರಲಿಲ್ಲ.

ಕೇರಿಗೆಲ್ಲ ಚಿಕ್ಕಮ್ಮನಂತಿದ್ದ ಎಸ್ಪೆಸಿಯೋಜ ಮಾವಶಿಯ ಗಂಡ ತೀರಿಕೊಂಡದ್ದು ಆ ವರ್ಷದ ಮಳೆಗಾಲದಲ್ಲಿ. ಕಪ್ಪು ಉಡುಪಿನ ಮುದುಕಿ ಬಾಗಿಲ ಮುಂದಿನ ಜಗಲಿ, ಬಲ್ಕಾಂವಿನ ಕಲ್ಲುಕಟ್ಟೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಲುದೊವೀನ ಕೇಳಬೇಕಾದ್ದನ್ನು ಕೇಳಿದಳು. ಮಾವಶಿ ಅತ್ತಿತ್ತ ನೋಡಿದಳು.

"ಮೆಲ್ಲಗೆ ಮಾತಾಡೇ. ಏನು ಮಾಡ್ಲಿ, ರುಜಾರ್ ಪಾಪ ಒಂಟಿ. ತಟ್ಟೆ ತಂದ. ಆ ತಟ್ಟೆಯನ್ನ ಖಾಲಿ ಹೇಗೆ ಕಳಿಸ್ಲಿ? ಈ ಮನೆಯಿಂದ ಐವತ್ತು ವರ್ಷದಲ್ಲಿ ಒಂದು ಖಾಲಿ ತಟ್ಟೆ ಹೋಗಿಲ್ಲ. ಸಿಹಿಗೆ ಒಲೆ ಹಚ್ಚೋ ಹಾಗಿಲ್ಲ. ಬಂದಿದ್ದರಲ್ಲೇ ಕಳಿಸ್ಬೇಕು."

"ಸರಿ ಮಾವಶಿ. ಆದ್ರೆ ನನ್ನದನ್ನೇ ಯಾಕೆ ಆರಿಸಿದ್ರಿ? ಬೇಡವಾದದ್ದು ಅಂತಾನಾ?"

"ಏನಂತಾಳಪ್ಪ ಇವಳು! ಬೇಡವಾದದ್ದನ್ನ ನಮ್ಮ ಮನೆ ಹೆಸರಲ್ಲಿ ಕಳಿಸ್ತಾರೇನೇ?" ಮಾವಶಿಗೆ ನಿಜವಾಗಿ ಕೋಪ ಬಂದಿತ್ತು. "ಎಲ್ಲರದ್ದೂ ಮುರಿದು ನೋಡಿದೆ. ನಿನ್ನದು ಒಂದು ತಿಂದೆ. ಮೇಲೆ ಗರಿ, ಒಳಗೆ ಮೆತ್ತಗೆ. ನಮ್ಮವರು ಇದ್ದಿದ್ರೆ ಡಬ್ಬಿ ಬಿಡ್ತಿರ್ಲಿಲ್ಲ. ಆಮೇಲೆ ನಿನ್ನವು ಉಳಿದವನ್ನ ನಾನು ಮುಟ್ಟಲಿಲ್ಲ, ಒಳ್ಳೇದು ಅಂತ ಎಲ್ಲ ರುಜಾರ್ ತಟ್ಟೆಗೆ ಹಾಕಿದೆ."

ಲುದೊವೀನ ಮಾವಶಿಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತಳು. ಆಮೇಲೆ, ಕೇಳಬಾರದೆಂದುಕೊಂಡೇ ಕೇಳಿದಳು: "ನಮ್ಮತ್ತೆ ಮಾಡಿದ್ದಾಗಿದ್ರೆ?"

"ಕಿತೇರಿಯಾದಾ?" ಮಾವಶಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ಸತ್ತೋರ ಬಗ್ಗೆ ಕೆಟ್ಟದ್ದು ಹೇಳ್ಬಾರದು. ಅದನ್ನ ಬೇರೆಯವರಿಗೆ ಕಳಿಸೋ ಧೈರ್ಯ ಯಾರಿಗಿತ್ತೇ? ಹಲ್ಲು ಮುರ್ಕೊಂಡು ಜಗಳಕ್ಕೆ ಬರ್ತಿದ್ರು. ಚಹಾದಲ್ಲಿ ಅದ್ದಿ ಅದ್ದಿ ಈಸ್ಟರ್‌ವರೆಗೆ ನಾವೇ ತಿಂತಿದ್ವಿ."

ಲುದೊವೀನ ನಗಲು ಶುರುಮಾಡಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅದರಲ್ಲಿ ಅಳುವೂ ಸ್ವಲ್ಪ ಸೇರಿಕೊಂಡಿತ್ತು. ಸೂತಕದ ಮನೆಯಲ್ಲಿ ಹೀಗೆ ನಗಬಾರದೆಂದು ಮಾವಶಿ ಗದರಿದಳು, ಗದರುತ್ತ ತಾನೂ ನಕ್ಕಳು.

ಸಂಜೆ ಇನಾಸ್ ಬಂದಾಗ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು.

"ಹಬ್ಬ ಮುಗೀತಲ್ಲೇ! ಇನ್ಯಾರಿಗೆ?"

"ಎಸ್ಪೆಸಿಯೋಜ ಮಾವಶಿಗೆ," ಎಂದಳು ಲುದೊವೀನ. "ಒಂದೇ ಒಂದು ತಿಂದಿದ್ದಾರಂತೆ. ಸುಮ್ನೆ ನಿಂತ್ಕೋಬೇಡ, ಆ ಇನ್ನೊಂದು ಕಾಯಿ ಒಡಿ."