ಘಾಟಿಯಲ್ಲಿ ರಿಂಗಾದ ಅಣ್ಣನ ನಂಬರ್

ಹೋದ ವರ್ಷ ದೀಪಾವಳಿ ಮುಗಿದ ಮರುವಾರದ ಮಾತು. ನಮ್ಮ ವೈನಿಗೆ, ಅಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿಗೆ, ಪಾಲ್ಘರ್ ಜಿಲ್ಲೆಯ ಘಾಟಿಯಾಚೆ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ನರ್ಸ್ ಕೆಲಸದ ಆರ್ಡರ್ ಬಂದಿತ್ತು. ಅಣ್ಣ ಹೋದ ಮೇಲೆ ಮೂರು ವರ್ಷ ಆಕೆ ಜೋಗೇಶ್ವರಿಯ ನರ್ಸಿಂಗ್ ಹೋಮುಗಳಲ್ಲಿ ಪಾಳಿ ಮೇಲೆ ಪಾಳಿ ದುಡಿದು ಕಾದಿದ್ದ ಕೆಲಸ ಅದು. ಪತ್ರ ನಮ್ಮ ಹಳೇ ಚಾಳಿನ ವಿಳಾಸಕ್ಕೆ ಹೋಗಿ ಸುತ್ತಾಡಿ ಕೈಸೇರುವಷ್ಟರಲ್ಲಿ ಉಳಿದದ್ದು ಒಂದೇ ದಿನ. ಸೋಮವಾರ ಸಂಜೆ ಐದರೊಳಗೆ ಬಂದು ಸಹಿ ಹಾಕಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಕೊಡಲಾಗುವುದು ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು.

"ಬೆಳಿಗ್ಗೆ ಲೋಕಲ್ ಹಿಡಿದು, ಮುಂದ ಎಸ್ಟಿ ಬಸ್ಸಿಗೆ ಹೋಗ್ತೀನಿ ಬಿಡು," ಅಂದರು ವೈನಿ.

ನಾನು ಬಿಡುವವನಲ್ಲ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿರುವ ಒಂದು ಚಿಕ್ಕ ಕಂಪನಿಯಲ್ಲಿ ನನಗೆ ಕೆಲಸ. ಮುಂಬೈಯಿಂದ ಹೊರಗೆ ಹೋಗುವ ನಿರ್ಜನ ರಸ್ತೆಗಳಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಸ್ಟೇಷನ್ ಎಲ್ಲೆಲ್ಲಿ ಬರಬೇಕು ಎಂದು ಮ್ಯಾಪಿನಲ್ಲಿ ಗುರುತು ಹಾಕುವುದು ನಾವು. ಜನರ ಮೊಬೈಲಿನ ಆ್ಯಪಿನಲ್ಲಿ ಕಾಣುವ ಹಸಿರು ಗುರುತುಗಳಲ್ಲಿ ಎಷ್ಟೋ ನನ್ನ ಕೈಯಿಂದ ಹೋದವು. ಆಫೀಸಿನ ಎಲೆಕ್ಟ್ರಿಕ್ ಕಾರು ಒಂದು ದಿನಕ್ಕೆ ಕೇಳಿ ತಂದೆ.

"ನಿನ್ನ ಆ ಬ್ಯಾಟರಿ ಗಾಡಿ ಘಾಟ್ ಹತ್ತತೈತೇನೋ ಸಂಗೂ?"

"ಹತ್ತತೈತ್ರಿ ವೈನಿ. ಆ ದಾರಿ ಮ್ಯಾಪ್ ಮಾಡಿದವನ ನಾನು."

ಎರಡು ಟ್ರಂಕು, ಹಾಸಿಗೆ ಸುರುಳಿ, ಸ್ಟವ್ವು, ಪಾತ್ರೆಗಳ ಚೀಲ ಹೇರಿಕೊಂಡು ಹತ್ತು ಗಂಟೆಗೆ ಹೊರಟೆವು. ಹೈವೇಯಲ್ಲಿ ಟ್ರಾಫಿಕ್ಕು, ಬಿಸಿಲು, ಏಸಿ ಜೋರಾಗಿಯೇ ಇಟ್ಟಿದ್ದೆ. ಮೊದಲನೇ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಎರಡು ಗಾಡಿ ಸಾಲಿನಲ್ಲಿದ್ದವು. ಕಾಯಲು ನನಗೆ ಅವಮಾನವಾದಂತಾಯಿತು. ಆ್ಯಪ್ ತೆಗೆದು ನೋಡಿದರೆ ಘಾಟಿಯ ಮಧ್ಯದಲ್ಲಿ ಇನ್ನೊಂದು ಹಸಿರು ಗುರುತು ಕಾಣಿಸಿತು. ಅಲ್ಲೇ ಹಾಕಿಸಿದರಾಯಿತು ಎಂದು ಮುಂದೆ ಹೊಡೆದೆ.

ಏರು ಶುರುವಾದ ಮೇಲೆ ಬ್ಯಾಟರಿಯ ಅಂಕಿ ಸರಸರ ಇಳಿಯತೊಡಗಿತು. ಏಸಿ ಕಡಿಮೆ ಮಾಡಿದೆ. ಆಮೇಲೆ ಪೂರ್ತಿ ಬಂದ್ ಮಾಡಿ ಕಿಟಕಿ ಇಳಿಸಿದೆ. ವೈನಿ ಮಡಿಲಲ್ಲಿದ್ದ ಫೋನಿನಲ್ಲಿ ಗಂಟೆ ಎಷ್ಟೆಂದು ಪದೇಪದೇ ನೋಡುತ್ತಿದ್ದರು. ಐದು ಗಂಟೆಯ ಚಿಂತೆ ಇರಬೇಕು ಅಂದುಕೊಂಡೆ. ಒಂದು ತಾಸಿನಿಂದ ಎದುರಿಗೆ ಒಂದೇ ಒಂದು ಗಾಡಿ ಬಂದಿರಲಿಲ್ಲ. ನಮ್ಮ ಕಾರಿಗೂ ಸದ್ದಿಲ್ಲ. ಕಿಟಕಿಯ ಹೊರಗೆ ಒಣಹುಲ್ಲು ಉಜ್ಜುವ ಸದ್ದು ಮಾತ್ರ ಕೇಳಿಸುತ್ತಿತ್ತು.

ಒಂದು ತಿರುವಿನಲ್ಲಿ ಮೊಬೈಲಿನ ಹೆಣ್ಣು ದನಿ, ನೀವು ತಲುಪಬೇಕಾದ ಜಾಗ ತಲುಪಿದ್ದೀರಿ ಎಂದು ಇಂಗ್ಲಿಷಿನಲ್ಲಿ ಹೇಳಿತು.

ಅಲ್ಲಿ ಏನೂ ಇರಲಿಲ್ಲ. ಎಡಕ್ಕೆ ಕಣಿವೆ, ಬಲಕ್ಕೆ ಮನೆಯೆತ್ತರದ ಕರೀ ಕಲ್ಲು, ಅದರ ಪಕ್ಕ ಸಿಡಿಲು ಬಡಿದಂತಿದ್ದ ಒಂದು ಬೋಳು ಮರ. ಕಂಬವಿಲ್ಲ, ತಂತಿಯಿಲ್ಲ, ಚಹಾದ ಟಪರಿಯೂ ಇಲ್ಲ. ಇಳಿದು ನೋಡಿದೆ. ಕಲ್ಲಿನ ಮುಂದಿನ ಮಣ್ಣಿನಲ್ಲಿ ಟೈರಿನ ಗುರುತುಗಳು, ಒಂದರ ಮೇಲೊಂದು, ಹತ್ತಾರು. ಎಲ್ಲವೂ ಅಲ್ಲಿಗೆ ಬಂದು ನಿಂತು, ಹಾಗೇ ಹೊರಳಿ ಹಿಂದಕ್ಕೆ ಹೋಗಿದ್ದವು. ಖಾಲಿ ನೀರಿನ ಬಾಟಲಿಗಳು, ಬಿಸ್ಕತ್ತಿನ ಕಾಗದ, ಒಂದು ಮಗುವಿನ ಕಾಲುಚೀಲ ಬಿದ್ದಿದ್ದವು. ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಮರಾಠಿಯಲ್ಲಿ ಯಾರೋ ಬರೆದಿದ್ದರು: ಇಲ್ಲಿ ಏನೂ ಇಲ್ಲ.

ಆ ಅಕ್ಷರಗಳನ್ನು ಎರಡು ಸಲ ಓದಿದೆ. ಏನೂ ಇಲ್ಲದ ಜಾಗಕ್ಕೆ ಇಷ್ಟೊಂದು ಜನ ಯಾಕೆ ಬಂದರು? ನನಗಿಂತ ಮುಂಚೆ ಬಂದವರೆಲ್ಲ ಏನಾದರು?

ಕಾರಿನಲ್ಲಿ ಬ್ಯಾಟರಿ ನಾಲ್ಕು ಪರ್ಸೆಂಟಿತ್ತು. ಗಂಟೆ ಒಂದೂವರೆ. ಆರೋಗ್ಯ ಕೇಂದ್ರಕ್ಕೆ ಇನ್ನೂ ಇಪ್ಪತ್ತು ಕಿಲೋಮೀಟರ್ ಮೇಲಿತ್ತು, ಎಲ್ಲಾ ಏರು. ಒಳಗೆ ಕೂತು ಆ್ಯಪಿನಲ್ಲಿ ಆ ಹಸಿರು ಗುರುತನ್ನು ಒತ್ತಿದೆ. ಸ್ಟೇಷನ್ನಿನವರಿಗೆ ಫೋನ್ ಮಾಡಲು ಒಂದು ಬಟನ್ ಇರುತ್ತದೆ, ನಂಬರ್ ಕಾಣುವುದಿಲ್ಲ. ಪುಣ್ಯಕ್ಕೆ ಒಂದು ಕಡ್ಡಿ ನೆಟ್‌ವರ್ಕ್ ಇತ್ತು. ಒತ್ತಿದೆ.

ನನ್ನ ಫೋನು ಕಾರಿಗೆ ಜೋಡಿಸಿತ್ತು. ಎದುರಿನ ದೊಡ್ಡ ಪರದೆಯಲ್ಲಿ ಹೆಸರು ಬಂತು: ಅಣ್ಣ.

ಅವನು ಹೋದ ಮೇಲೂ ಅವನ ನಂಬರನ್ನು ನನ್ನ ಫೋನಿನಿಂದ ಅಳಿಸಿರಲಿಲ್ಲ. ಅಷ್ಟರಲ್ಲಿ ಎಲ್ಲ ನೆನಪಾಯಿತು. ನಮ್ಮ ಆಫೀಸಿನಲ್ಲಿ ಗ್ಯಾಪ್ ತುಂಬುವುದು ಎಂದು ಒಂದು ರೂಢಿಯಿದೆ. ದೊಡ್ಡವರಿಗೆ ಮ್ಯಾಪ್ ತೋರಿಸುವ ದಿನ ಯಾವ ರಸ್ತೆಯೂ ಖಾಲಿ ಕಾಣಬಾರದು. ಖಾಲಿ ಕಂಡಲ್ಲಿ ಸುಮ್ಮನೆ ಒಂದು ಗುರುತು ಇಡುತ್ತೇವೆ. ಮೀಟಿಂಗ್ ಮುಗಿದ ಮೇಲೆ ಅದನ್ನು ಬೂದು ಬಣ್ಣಕ್ಕೆ ತಿರುಗಿಸಬೇಕು, ಅಂದರೆ ಇನ್ನೂ ಕಟ್ಟಿಲ್ಲ ಎಂದು ಅರ್ಥ. ಅದಕ್ಕೂ ಒಂದು ವರ್ಷದ ಹಿಂದೆ ನಾನು ಒಂದೇ ಮಧ್ಯಾಹ್ನ ಹತ್ತೆಂಟು ಗುರುತು ಇಟ್ಟಿದ್ದೆ, ಈ ತಿರುವನ್ನು ಕಣ್ಣಿಂದ ನೋಡದೆ. ಇದೊಂದನ್ನು ತಿರುಗಿಸಲು ಮರೆತಿದ್ದೆ. ಫೋನ್ ನಂಬರ್ ಹಾಕದೆ ಫಾರ್ಮು ಮುಂದೆ ಹೋಗುತ್ತಿರಲಿಲ್ಲ. ಯಾರಿಗೂ ತೊಂದರೆಯಾಗದ ನಂಬರ್ ಬೇಕಿತ್ತು, ಅಣ್ಣನ ನಂಬರ್ ಹಾಕಿದ್ದೆ. ಅವತ್ತು ಡಯಲ್ ಮಾಡಿಯೂ ನೋಡಿದ್ದೆ, ಈ ನಂಬರ್ ಅಸ್ತಿತ್ವದಲ್ಲಿಲ್ಲ ಎಂದಿತ್ತು. ನಿಜ ಹೇಳಬೇಕೆಂದರೆ ಆ ಹತ್ತು ಅಂಕಿ ಇನ್ನೊಮ್ಮೆ ಒತ್ತಲು ನನಗೂ ಒಂದು ನೆಪ ಬೇಕಿತ್ತು.

ಈಗ ಅದು ರಿಂಗಾಗುತ್ತಿತ್ತು.

ಕಟ್ ಮಾಡಲು ಕೈ ಚಾಚಿದೆ. ವೈನಿ ನನ್ನ ಮಣಿಕಟ್ಟು ಹಿಡಿದರು. ಪರದೆಯ ಮೇಲಿನ ಹೆಸರನ್ನೇ ನೋಡುತ್ತಾ ಮೆಲ್ಲಗೆ ಅಂದರು, "ತಡಿ. ಎತ್ತತಾರ."

ಆ ಮಾತಿಗೆ ಹೆದರಿದಷ್ಟು ನಾನು ಆ ಕಲ್ಲಿನ ಬರಹಕ್ಕೂ ಹೆದರಿರಲಿಲ್ಲ. ಕೆಲಸ ಕೈತಪ್ಪುವ ಆತಂಕಕ್ಕೆ ಈಕೆಯ ತಲೆ ಕೆಟ್ಟಿತೇ ಎಂದು ಮುಖ ನೋಡಿದೆ. ಮುಖ ಶಾಂತವಾಗಿತ್ತು.

ಆ ಕಡೆ ಯಾರೋ ಫೋನ್ ಎತ್ತಿದರು. ಗಂಡಸಿನ ದನಿ, ಬಾಯಲ್ಲಿ ತುತ್ತು ಇದ್ದ ಹಾಗಿತ್ತು. "ಹಾಂ, ಬೋಲೋ. ಗಾಡಿ ಬಂದ್ ಪಡೀ ಕ್ಯಾ?"

ನನ್ನ ಬಾಯಿಂದ ತಾನಾಗಿ ಬಂದದ್ದು ಒಂದೇ ಮಾತು, "ಅಣ್ಣಾ..."

ಆ ಕಡೆ ತುತ್ತು ನುಂಗಿದ ಸದ್ದಾಯಿತು. ಆಮೇಲೆ ಕಾರಿನ ನಾಲ್ಕೂ ಮೂಲೆಯ ಸ್ಪೀಕರಿನಿಂದ ನಮ್ಮ ಬಿಜಾಪುರ ಕಡೆಯ ಕನ್ನಡ ಬಂತು. "ಕನ್ನಡದವ್ರೇನ್ರಿ? ಕರೀ ಕಲ್ಲಿನ ಮುಂದ ನಿಂತೀರಿ, ಹೌದಲ್ರಿ? ಬಾಜೂಕ ಬೋಳು ಗಿಡ ಐತಿ."

ನಾನು ಎಲ್ಲಿದ್ದೇನೆಂದು ಇನ್ನೂ ಹೇಳಿರಲೇ ಇಲ್ಲ. ಕುತ್ತಿಗೆ ತಿರುಗಿಸಿ ಹಿಂದಿನ ಸೀಟು ನೋಡಿದೆ. ಟ್ರಂಕು, ಹಾಸಿಗೆ, ಮತ್ತೇನಿಲ್ಲ.

"ಮುಂದ ಹೋಗಬ್ಯಾಡ್ರಿ, ಏರು ಐತಿ, ನಡುದಾರ್ಯಾಗ ಸಿಕ್ಕೊಂತೀರಿ. ಹೊಳ್ಳಿ ಹಿಂದಕ ಬರ್ರಿ. ಇಳಕಲು ಐತಿ, ಗಾಡಿ ತಾನ ಉರುಳತೈತಿ. ಎರಡು ತಿರುವು ದಾಟಿದ ಮ್ಯಾಲೆ ಎಡಕ್ಕ ಕೆಂಪು ಮಣ್ಣಿನ ದಾರಿ. ಅಲ್ಲಿ ಒಂದು ಭತ್ತದ ಗಿರಣಿ ಐತಿ. ಗಿರಣಿ ನಡಸೋ ಬಾಯಿಗೆ ಮುಂಬೈ ದಾದರದವ ಕಳಿಸ್ಯಾನ ಅಂತ ಹೇಳ್ರಿ, ಕರೆಂಟ್ ಕೊಡತಾರ. ಗಾಡ್ಯಾಗ ಹೆಣ್ಮಕ್ಕಳು ಇದ್ರ ಮೊದಲ ನೀರು ಕುಡಸ್ರಿ. ಸಾವಕಾಶ ಹೋಗ್ರಿ, ಗಡಿಬಿಡಿ ಮಾಡಬ್ಯಾಡ್ರಿ."

ಫೋನಿಟ್ಟರು. ಸಾವಕಾಶ ಹೋಗು, ಗಡಿಬಿಡಿ ಮಾಡಬ್ಯಾಡ. ಮನೆಯಿಂದ ಯಾರು ಹೊರಟರೂ ಅಣ್ಣ ಹೇಳುತ್ತಿದ್ದ ಮಾತು ಅದು. ನಮ್ಮ ಕಡೆ ನೂರು ಜನ ಹಾಗೆ ಹೇಳುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಪರದೆಯಿಂದ ಆ ಹೆಸರು ಮಾಯವಾಗುವವರೆಗೆ ನೋಡುತ್ತಾ ಕೂತೆ. ವೈನಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡಿದ್ದರು.

ಗಾಡಿ ಹೊರಳಿಸಿದೆ, ಮೊದಲಿನವರ ಟೈರಿನ ಗುರುತಿನ ಮೇಲೆಯೇ. ಎರಡು ತಿರುವು, ಎಡಕ್ಕೆ ಕೆಂಪು ಮಣ್ಣಿನ ದಾರಿ. ಗಿರಣಿ ನಿಜವಾಗಿ ಇತ್ತು. ಬಾಗಿಲಲ್ಲಿ ತೌಡು ಮೆತ್ತಿದ ಕೈಯಲ್ಲಿ ಸೊಂಟ ಹಿಡಿದು ನಿಂತಿದ್ದ ವಯಸ್ಸಾದ ಹೆಂಗಸು ನಮ್ಮನ್ನು ನೋಡಿ, ನಾನು ಬಾಯಿ ತೆರೆಯುವ ಮುಂಚೆಯೇ ಮರಾಠಿಯಲ್ಲಿ ಕೇಳಿದಳು, ದಾದರಿನವನು ಕಳಿಸಿದ್ದೇನು ಎಂದು. ಅವನು ಯಾರು ಎಂದು ಕೇಳಿದೆ. "ನಾನೇನು ನೋಡಿದ್ದೀನಾ? ಫೋನಿನಲ್ಲಿ ಅಕ್ಕಾ ಅಂತಾನೆ, ಅಷ್ಟೇ," ಅಂದು ಒಳಗಿನಿಂದ ವಯರು ಎಳೆದು ತಂದಳು.

ಅದು ಸಾಧಾರಣ ಪ್ಲಗ್ಗು. ಇಪ್ಪತ್ತು ಕಿಲೋಮೀಟರ್ ಏರು ಹತ್ತುವಷ್ಟು ಚಾರ್ಜ್ ಆಗಲು ಮೂರು ತಾಸಾದರೂ ಬೇಕು. ಕೇಳಲು ನಾಚಿಕೆಯಾದರೂ ಕೇಳಿದೆ, ಮೇಲಕ್ಕೆ ಹೋಗುವ ಗಾಡಿ ಏನಾದರೂ ಇದೆಯೇ ಎಂದು. ಮೂರು ಗಂಟೆಗೆ ಅಕ್ಕಿ ಚೀಲದ ಟೆಂಪೋ ಅದೇ ಊರಿಗೆ ಹೊರಡುವುದಿತ್ತು. ವೈನಿ ಆರ್ಡರಿನ ಕವರು ಎದೆಗೊತ್ತಿಕೊಂಡು ಡ್ರೈವರ್ ಪಕ್ಕ ಹತ್ತಿ ಕೂತರು.

"ನೀ ನಿನ್ನ ಗಾಡಿಗೆ ಹಾಲು ಕುಡಿಸ್ಕೊಂತ ಕುಂದ್ರು," ಅಂದರು. ಮೂರು ವರ್ಷದಲ್ಲಿ ಆಕೆ ನನ್ನನ್ನು ಚೇಷ್ಟೆ ಮಾಡಿದ್ದು ಅದೇ ಮೊದಲು.

ನಾಲ್ಕೂ ಮುಕ್ಕಾಲಿಗೆ ಮೆಸೇಜ್ ಬಂತು: ಸಹಿ ಆತು. ಗಿರಣಿಯ ಕಟ್ಟೆಯ ಮೇಲೆ ಕೂತು ನಾನು ಅತ್ತೆ. ಗಿರಣಿಬಾಯಿ ನೋಡಿಯೂ ನೋಡದವಳಂತೆ ಚಹಾ ಇಟ್ಟು ಹೋದಳು.

ಚಾರ್ಜ್ ಆದ ಮೇಲೆ ಸಾಮಾನು ಮೇಲಕ್ಕೆ ಮುಟ್ಟಿಸಿ ರಾತ್ರಿಯೇ ಇಳಿದು ಬಂದೆ. ಮರುದಿನ ಕಾಂದಿವಲಿಯಲ್ಲಿ ಮೊದಲು ಮಾಡಿದ ಕೆಲಸ ಆ ಗುರುತನ್ನು ಅಳಿಸಿದ್ದು. ಆಮೇಲೆ ಬಾಸಿಗೆ ಹೇಳಿ ಬೈಸಿಕೊಂಡೆ. ಆ ಭಾನುವಾರ ಧೈರ್ಯ ಮಾಡಿ ಅಣ್ಣನ ನಂಬರಿಗೆ ಮತ್ತೆ ಫೋನ್ ಮಾಡಿ, ಭೇಟಿಯಾಗಬೇಕು ಎಂದು ಕೇಳಿ ದಾದರಿಗೆ ಹೋದೆ. ಅವತ್ತು ಫೋನ್ ಎತ್ತಿದ್ದವರು ಸ್ಟೇಷನ್ ಹೊರಗೆ ಸೇತುವೆಯ ಕೆಳಗೆ ಛತ್ರಿ ಮತ್ತು ಬ್ಯಾಗಿನ ಚೈನು ರಿಪೇರಿ ಮಾಡುವ ಮಹಿಬೂಬಸಾಬ್ ಎನ್ನುವವರು, ಸಿಂದಗಿ ಕಡೆಯವರು. ಅಣ್ಣ ಇದ್ದಿದ್ದರೆ ಅವರಷ್ಟೇ ವಯಸ್ಸು. ನಂಬರು ಅವರಿಗೆ ಹೊಸ ಸಿಮ್ಮಿನ ಜೊತೆ ಬಂದಿತ್ತು.

"ಸುರುವಿಗೆ ಬೈದೆ ನೋಡ್ರಿ," ಅಂದರು. "ಯಾರೋ ಎಲ್ಲಿಂದಲೋ ಚಾರ್ಜರ್ ಎಲ್ಲೈತಿ ಅಂತ ಜಗಳ ತೆಗೀತಿದ್ರು. ಒಂದಿನ ಒಬ್ಬಾಕಿ ಹೆಣ್ಮಗಳು, ಕೂಸು ಅಳಾಕತ್ತಿತ್ತು, ಆಕಿನೂ ಅಳಾಕತ್ತಿದ್ಲು. ಸುತ್ತ ಏನೇನು ಕಾಣಸ್ತೈತಿ ಹೇಳವಾ ಅಂದೆ. ಹಂಗ ಎಲ್ಲಾರ್ನೂ ಕೇಳ್ಕೊಂತ ಬಂದೆ." ರಿಪೇರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದ ಒಂದು ಕ್ಯಾಲೆಂಡರ್ ಹಾಳೆ ತೋರಿಸಿದರು. ಅದರ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಆ ಘಾಟಿಯನ್ನು ಬರೆದಿದ್ದರು. ಕರೀ ಕಲ್ಲು, ಬೋಳು ಮರ, ಕೆಂಪು ದಾರಿ, ಗಿರಣಿ, ಗಿರಣಿಯ ಫೋನ್ ನಂಬರು, ಯಾವ ತಿರುವಿನಲ್ಲಿ ನೆಟ್‌ವರ್ಕ್ ಹೋಗುತ್ತದೆ ಎನ್ನುವುದೂ ಇತ್ತು. ಆ ರಸ್ತೆಯನ್ನು ಅವರೂ ನೋಡಿರಲಿಲ್ಲ, ನನ್ನ ಹಾಗೆಯೇ. ಅವರು ಕೇಳಿ ಬರೆದಿದ್ದರು, ನಾನು ಕೇಳದೆ ಬರೆದಿದ್ದೆ.

ತಪ್ಪು ನನ್ನದು ಎಂದು ಎಲ್ಲ ಒಪ್ಪಿಕೊಂಡೆ. ಅವರು ಹರಿದ ಛತ್ರಿಗೆ ಹೊಲಿಗೆ ಹಾಕುತ್ತಾ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಈ ನಂಬರ್ ಮೊದಲ ಯಾರದಿತ್ರಿ?"

"ನಮ್ಮ ಅಣ್ಣಂದ್ರಿ. ತೀರ್ಕೊಂಡ."

ಅವರ ಸೂಜಿ ನಿಂತಿತು. ಫೋನು ತೆಗೆದು ಒಂದು ನಂಬರ್ ತೋರಿಸಿದರು. "ಹಂಗಾದ್ರ ಇದು ಯಾರಂತ ನಿಮಗ ಗೊತ್ತಿರಬೇಕು. ಚಾರ್ಜಿಂಗಿನ ಫೋನ್ ಅಲ್ಲ ಇದು. ಹತ್ತು ತಿಂಗಳಾತು, ದಿನಾ ಮಧ್ಯಾಹ್ನ ಒಂದೂವರಿಗೆ ಬರತೈತಿ, ಮಾತಿಲ್ಲ. ನಾ ಉಣ್ಣಾಕ ಕುಂತಿರತೀನಿ. ಒಂದಿನ ಹಿಂದಿಯೊಳಗ, ಊಟ ಆತೇನು ಅಂತ ಕೇಳಿದೆ. ಆತು ಅಂದ್ರು, ಕನ್ನಡದಾಗ. ಆವಾಗಿಂದ ದಿನಾ ಕೇಳತೀನಿ, ಆತು ಅಂತಾರ, ಇಡತಾರ. ಯಾರು ಎತ್ತ ಅಂತ ನಾನೂ ಕೇಳಿಲ್ಲ."

ಅದು ವೈನಿಯ ನಂಬರು.

ಅಣ್ಣ ಕೆಲಸದ ಮೇಲಿಂದ ದಿನಾ ಒಂದೂವರೆಗೆ ಮನೆಗೆ ಫೋನ್ ಮಾಡುತ್ತಿದ್ದ. ಊಟ ಆತೇನು ಎಂದು ಕೇಳಿ ಇಟ್ಟುಬಿಡುತ್ತಿದ್ದ. ಘಾಟಿಯಲ್ಲಿ ವೈನಿ ಫೋನಿನಲ್ಲಿ ಗಂಟೆ ನೋಡುತ್ತಿದ್ದದ್ದು ಯಾಕೆ, ಎತ್ತತಾರ ಎಂದು ಅಷ್ಟು ಗಟ್ಟಿಯಾಗಿ ಹೇಳಿದ್ದು ಯಾಕೆ ಎಂದು ಆಗ ತಿಳಿಯಿತು. ಆ ಸೇತುವೆಯ ಕೆಳಗೆ, ಅಷ್ಟು ಜನರ ನಡುವೆ, ನನ್ನ ಮೈಮೇಲೆ ಮುಳ್ಳೆದ್ದವು. ಸತ್ತವನ ನಂಬರಿಗೆ ನಾನು ಒಬ್ಬನೇ ಫೋನ್ ಮಾಡುತ್ತೇನೆ ಎಂದುಕೊಂಡಿದ್ದೆ.

ಈಗ ನಾನು ಹೋಗಿ ನಿಂತು ನೋಡದೆ ಯಾವ ಜಾಗಕ್ಕೂ ಹಸಿರು ಗುರುತು ಇಡುವುದಿಲ್ಲ. ಆಫೀಸಿನಲ್ಲಿ ನಗುತ್ತಾರೆ, ನಗಲಿ. ಮಹಿಬೂಬಸಾಬರನ್ನು ತಿಂಗಳಿಗೊಮ್ಮೆ ದಾದರಿನಲ್ಲಿ ಕಂಡು ಬರುತ್ತೇನೆ. ಘಾಟಿಯ ಫೋನುಗಳು ನಿಂತಿವೆಯಂತೆ, ಒಂದು ಬಿಟ್ಟು. ವೈನಿಗೆ ನಾನು ಏನೂ ಕೇಳಿಲ್ಲ. ಬೆಳಿಗ್ಗೆ ಫೋನ್ ಮಾಡುತ್ತೇನೆ, ಸಂಜೆ ಮಾಡುತ್ತೇನೆ. ಮಧ್ಯಾಹ್ನ ಒಂದೂವರೆಗೆ ಮಾತ್ರ ಮಾಡುವುದಿಲ್ಲ, ಆ ಹೊತ್ತಿಗೆ ಆಕೆಯ ಲೈನ್ ಬ್ಯುಸಿ ಇರುತ್ತದೆ.