ಶತ್ರುವಿನ ಕೆಮ್ಮು

ಖೂಬಾ ಪ್ಲಾಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ಕಮಲಾಪುರದವರು, ವಾಯುಸೇನೆಯಿಂದ ನಿವೃತ್ತರಾಗಿದ್ದರು. ಯಾರ ಮನೆಗೆ ಹೋದರೂ ಗೇಟಿನಲ್ಲೇ ನಿಂತು ಕೆಮ್ಮುತ್ತಿದ್ದರು. ಏಕೆಂದು ಕೇಳಿದರೆ, "ಸಪ್ಪಳಿಲ್ದ ಬರೋದು ಡ್ಯೂಟಿಗಷ್ಟೇ ರೀ," ಎನ್ನುತ್ತಿದ್ದರು.

ವಾಯುನೆಲೆಯ ಕಾವಲು ತರಬೇತಿಯಲ್ಲಿ ಅವರದು ಸದಾ ಶತ್ರುವಿನ ಪಾತ್ರ. ಕಣ್ಣು ತಪ್ಪಿಸಿ ಹೋಗಿ ವಿಮಾನದ ಮೇಲೆ ಸೀಮೆಸುಣ್ಣದ ಗೀಟು ಎಳೆದರೆ ಗೆದ್ದಂತೆ, ಕಾವಲುಗಾರನಿಗೆ ಶಿಕ್ಷೆ. ಒಂದು ಮಧ್ಯಾಹ್ನ ಇವರು ವಿಮಾನದ ಬುಡಕ್ಕೇ ತಲುಪಿದಾಗ, ಹೊಸದಾಗಿ ಸೇರಿದ್ದ ಕಾವಲುಗಾರ ರೆಕ್ಕೆಯ ನೆರಳಲ್ಲಿ ತೂಕಡಿಸುತ್ತಿದ್ದನಂತೆ.

"ಗೀಟ ಎಳದ್ರೇನ್ರೀ?" ಎಂದೆ.

"ಇಲ್ರೀ, ಕೆಮ್ಮಿದ್ನಿ. ಅಂವ ಎದ್ದು ಹಿಡದ."

"ಆಮ್ಯಾಲ?"

"ಅವಗ ಸಾಹೇಬ್ರು ಶಾಭಾಸ್ ಅಂದ್ರು," ಎಂದು ಗಂಟಲು ಸರಿಮಾಡಿಕೊಂಡರು. "ನನಗ ಕೆಮ್ಮಿನ ಔಷಧ ಕೊಡಿಸಿದ್ರು."