ಮೂಗು ಹಿಡಿದ ಕೈ

ಮಗಳಿಗೆ ಆಗ ನಾಲ್ಕು ವರ್ಷ. ಕಡ್ಲೆಪುರಿ, ಬಿಳಿ ಅನ್ನ, ದೋಸೆಯ ಗರಿಗರಿ ಅಂಚು ಬಿಟ್ಟರೆ ಏನನ್ನೂ ಬಾಯಿಗಿಡುತ್ತಿರಲಿಲ್ಲ. ಅನ್ನಕ್ಕೆ ಸಾರಿನ ಹನಿ ತಾಕಿದರೂ ತಟ್ಟೆ ತಳ್ಳುತ್ತಿದ್ದಳು. ತೂಕ ಏರುತ್ತಿರಲಿಲ್ಲ.

ಕಂಪಲಾಪುರದ ನನ್ನ ಅತ್ತೆಮನೆಯಲ್ಲಿ ಇದಕ್ಕೆ ಕೊಬ್ಬು ಎಂದು ಹೆಸರು.

"ಎಲ್ಡ್ ದಿನ ಉಪಾಸ ಕೆಡವು ಕಣವ್ವ, ಕಲ್ಲು ಕೊಟ್ರೂ ತಿಂತಳೆ," ಎನ್ನುತ್ತಿದ್ದರು ಅತ್ತೆ.

"ಎಂ.ಎ. ಓದವ್ರೆ ನಮ್ಮತ್ಗೆ, ಒಂದ್ ಮಗೀಗೆ ಉಣ್ಸಕ್ ಬರಕಿಲ್ಲ," ಎಂದು ನಾದಿನಿ ನಗುತ್ತಿದ್ದಳು.

ನಮ್ಮ ಕಡೆ ರಾಗಿಮುದ್ದೆ ಅಗಿಯುವವರನ್ನು ಕಂಡರೆ ತಮಾಷೆ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗಬೇಕು. ಮೆತ್ತಗಿನದು ನಾಲಿಗೆಗೆ ತಾಕಿದರೆ ನಡುಗುವ ಮಗುವಿಗೆ ನಾವು ಕಲಿಸಲು ಹೊರಟದ್ದು ಅದನ್ನೇ!

ಒಂದು ಭಾನುವಾರ ಅತ್ತೆ ತುತ್ತು ಹಿಡಿದು ಕೂತರು. ಮಗು ಹಲ್ಲು ಕಚ್ಚಿತು.

"ಮೂಗ್ ಇಡ್ಕ, ತಾನಾಗೇ ಬಾಯ್ ಬುಡ್ತದೆ," ಎಂದರು ಅತ್ತೆ.

ಬಾಯಿ ಬಿಟ್ಟಿತು. ತುತ್ತು ಒಳಗೆ ಹೋಯಿತು, ಇನ್ನೊಂದು, ಮತ್ತೊಂದು. ಆಮೇಲೆ ಎಲ್ಲವೂ ನನ್ನ ಸೀರೆಯ ಮೇಲೆ ಬಂತು. ಮಡಿಲಲ್ಲಿ ಅದುಮಿ ಹಿಡಿದವಳು ನಾನು, ಮೂಗು ಹಿಡಿದವಳು ನಾದಿನಿ ಎಂದು ಮೂರು ವರ್ಷ ಅವಳ ಮೇಲೆ ಹಲ್ಲು ಕಡಿದಿದ್ದೇನೆ. ಮೊನ್ನೆ ಆ ದಿನದ ಡೈರಿ ತೆರೆದೆ. ನಾದಿನಿ ಬೆಳಿಗ್ಗೆಯೇ ಕೆ.ಆರ್. ನಗರಕ್ಕೆ, ಗಂಡನ ಮನೆಗೆ ಹೋದಳೆಂದು ನನ್ನದೇ ಅಕ್ಷರ. ಮನೆಯಲ್ಲಿದ್ದ ದೊಡ್ಡವರು ಇಬ್ಬರೇ. ಅತ್ತೆಯ ಕೈಯಲ್ಲಿ ತುತ್ತಿತ್ತು. ಕೆಳಗೆ ಬರೆದಿದ್ದೇನೆ: "ಅರ್ಧ ಮುದ್ದೆ ತಿಂದಳು. ಸಮಾಧಾನ." ವಾಂತಿಯ ಸುದ್ದಿಯೇ ಇಲ್ಲ. ಎಂಥ ಸುಳ್ಳಿ ನಾನು!

ಮರುದಿನದಿಂದ ಮಗು ಪುರಿಯನ್ನೂ ಬಿಟ್ಟಿತು. ಹಾಲಷ್ಟೇ. ಮೈಸೂರಿಗೆ ಹೊತ್ತೊಯ್ದೆವು.

"ಇದು ಹಟ ಅಲ್ಲ, ಭಯ," ಎಂದರು ಅಲ್ಲಿನ ಡಾಕ್ಟರಮ್ಮ. "ತಟ್ಟೆ ಪಕ್ಕ ಇಡಿ. ಮುಟ್ಟಿದ್ರೆ ಮುಟ್ಲಿ, ಬಿಟ್ರೆ ಬಿಡ್ಲಿ. ತುರುಕೋದು ಇವತ್ತೇ ನಿಲ್ಲಿಸಿ."

ಪುರಿಗೆ ಮರಳಲು ಒಂದು ತಿಂಗಳು, ಒಣ ಚಪಾತಿಗೆ ಒಂದು ವರ್ಷ ಬೇಕಾಯಿತು. ಅತ್ತೆ ಮಾತ್ರ ಇಂದಿಗೂ ನೆಂಟರ ಮುಂದೆ, "ಅವತ್ತು ಗದರುಸ್ದೆ ನೋಡಿ, ಅದ್ಕೇ ಈಗ ತಿಂತಾವ್ಳೆ," ಎನ್ನುತ್ತಾರೆ. ನನ್ನ ಮೈ ಉರಿಯುತ್ತದೆ. ಆದರೆ ಯಾವ ಬಾಯಿಂದ ಬಯ್ಯಲಿ?

ಈಗ ಅವಳಿಗೆ ಏಳು. ನಿನ್ನೆ ಮೊದಲ ಸಲ ತಾನಾಗಿಯೇ ಅನ್ನಕ್ಕೆ ಮೊಸರು ಕೇಳಿದಳು. ಖುಷಿಯಿಂದ ಅವಳ ಪಕ್ಕಕ್ಕೆ ಸರಿದು ಕೂತೆ. ಅವಳು ತುತ್ತನ್ನು ತುಟಿಯ ಬಳಿ ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಮ್ಮ, ನೀನು ಕೈ ಹಿಂದಕ್ಕಿಟ್ಕೊ. ಆಮೇಲೆ ತಿಂತೀನಿ."

ಇಟ್ಟುಕೊಂಡೆ.